ಅವರು ವಾಚ್‌ಮನ್ ಅಲ್ಲ

ಸಂಪಾದಕರೇ,

ಮೊನ್ನೆ ನಮ್ಮ ಕುಂಬಳೆ ಕಡೆಯ ಚರ್ಚೊಂದರ ಹಬ್ಬದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಫೋಟೊದಡಿ ಫಾದರ್, ವಾರ್ಡಿನ ಮುಖಂಡರಾದ ಗುರ್ಕಾರರು, ಹಾಡಿದ ಮಕ್ಕಳು, ಎಲ್ಲರ ಹೆಸರೂ ಇತ್ತು. ತುದಿಯಲ್ಲಿ ಧೂಪದ ಪಾತ್ರೆ ಹಿಡಿದು ನಿಂತವರಿಗೆ ಮಾತ್ರ ಹೆಸರಿಲ್ಲ, ‘ಚರ್ಚಿನ ವಾಚ್‌ಮನ್’ ಅಂತ ಹಾಕಿದ್ದೀರಿ. ನನಗೆ ಸಿಟ್ಟು ಬಂತು. ನನ್ನ ಅಪ್ಪ ಇನ್ನೊಂದು ಚರ್ಚಿನಲ್ಲಿ ಅದೇ ಕೆಲಸ ಮಾಡಿದವರು.

ಚರ್ಚಿನ ಬಾಗಿಲು ತೆರೆದು, ಗಂಟೆ ಹೊಡೆದು, ಪೂಜೆಗೆ ಬೇಕಾದ್ದನ್ನೆಲ್ಲ ಸಿದ್ಧ ಮಾಡಿಡುವ ಈ ಕೆಲಸಕ್ಕೆ ಕನ್ನಡದಲ್ಲಿ ಎಲ್ಲರೂ ಒಪ್ಪಿದ ಹೆಸರಿಲ್ಲ, ನಿಜ. ನಾವು ಸ್ಯಾಕ್ರಿಸ್ಟನ್ ಅನ್ನುತ್ತೇವೆ, ರಾಜಪುರಂ ವೆಳ್ಳರಿಕುಂಡು ಕಡೆಯ ಮಲಯಾಳಿಗಳು ಕಪ್ಯಾರ್ ಅನ್ನುತ್ತಾರೆ. ಇಂಗ್ಲೆಂಡಿನ ಆಂಗ್ಲಿಕನ್ ಚರ್ಚುಗಳಲ್ಲಿ ವರ್ಜರ್. ಕೋಲು ಅನ್ನುವ ಲ್ಯಾಟಿನ್ ಮಾತಿನಿಂದ ಬಂದ ಹೆಸರಂತೆ, ಈಗಲೂ ಮೆರವಣಿಗೆಯಲ್ಲಿ ಕೋಲು ಹಿಡಿದು ಮುಂದೆ ನಡೆಯುವುದು ಅವರೇ. 1932ರಲ್ಲೇ ಅಲ್ಲಿ ವರ್ಜರ್‌ಗಳ ಸಂಘವೂ ಶುರುವಾಗಿದೆ. ನಮ್ಮಪ್ಪನ ಕೈಯಲ್ಲಿ ಇದ್ದದ್ದು ಬೀಗದ ಕೈಗಳ ಗೊಂಚಲು ಮಾತ್ರ.

ಒಮ್ಮೆ ಅಪ್ಪ ಜಾರಿ ಬಿದ್ದು ಕಾಲು ಮುರಿದುಕೊಂಡರು. ಅದೂ ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ. ಬಾಗಿಲು ತೆಗೆದು ಗುಡಿಸಿದರೆ ಆಯ್ತಲ್ವಾ ಅಂದುಕೊಂಡು ಒಂದು ತಿಂಗಳು ಅವರ ಬದಲಿಗೆ ನಾನು ಹೋದೆ. ಮೊದಲ ವಾರವೇ ಗಂಟೆಯಲ್ಲಿ ಎಡವಿದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಪ್ರಾರ್ಥನೆಯ ಗಂಟೆ ಅಂದರೆ ಮೂರು, ಬಿಡುವು, ಮೂರು, ಬಿಡುವು, ಮೂರು, ಆಮೇಲೆ ಒಂಬತ್ತು. ಸಾವಿನ ಗಂಟೆಯ ಲೆಕ್ಕವೇ ಬೇರೆ. ನಾನು ಎಣಿಕೆ ತಪ್ಪಿ ನಿಧಾನಕ್ಕೆ ಹೊಡೆದದ್ದೇ, ತೋಟದಾಚೆಯ ಭಟ್ರು ಓಡಿ ಬಂದು “ಯಾರು ಹೋದದ್ದು ಮಾರಾಯ?” ಅಂತ ಕೇಳಿದರು.

ಆಮೇಲೆ ಫಾದರ್ ತೊಡುವ ಬಟ್ಟೆಯ ಬಣ್ಣ. ತಪಸ್ಸು ಕಾಲಕ್ಕೆ ನೇರಳೆ, ಈಸ್ಟರಿನ ಹಿಂದಿನ ವಾರದ ಗರಿಗಳ ಭಾನುವಾರಕ್ಕೂ ಗುಡ್ ಫ್ರೈಡೇಗೂ ಕೆಂಪು, ಈಸ್ಟರಿಗೆ ಬಿಳಿ, ಹಬ್ಬವಿಲ್ಲದ ಮಾಮೂಲು ದಿನಕ್ಕೆ ಹಸಿರು. ಪೂಜೆಯ ಬಟ್ಟಲು ಒರೆಸಿದ ಬಟ್ಟೆ ತೊಳೆದ ಮೊದಲ ನೀರು ಚರಂಡಿಗೆ ಹೋಗಬಾರದು, ಮಣ್ಣಿಗೇ ಸೇರಬೇಕು. ಗೆರಟೆಯ ಕೆಂಡ ಸರಿಯಾಗಿ ಕೆಂಪಾಗದೆ ಧೂಪ ಹಾಕಿದರೆ ಫಾದರ್ ಕಣ್ಣಲ್ಲಿ ನೀರು ಬರುತ್ತದೆ, ಅದು ಭಕ್ತಿಯಿಂದ ಅಲ್ಲ. ಪವಿತ್ರ ಗುರುವಾರದ ಪೂಜೆಯ ನಡುವಿನಿಂದ ಈಸ್ಟರ್ ರಾತ್ರಿಯವರೆಗೆ ಗಂಟೆ ಮುಟ್ಟುವ ಹಾಗಿಲ್ಲ, ಮರದ ಹಲಗೆ ಬಡಿಯಬೇಕು. ಗರಿಗಳ ಭಾನುವಾರ ಹಂಚಿ ಉಳಿದ ಗರಿಗಳನ್ನು ಒಣಗಿಸಿ ಮಳೆಗೂ ಇಲಿಗೂ ಸಿಗದ ಹಾಗೆ ಕಟ್ಟಿಡಬೇಕು, ಯಾಕೆಂದರೆ ಮುಂದಿನ ವರ್ಷ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಹಣೆಗೆ ಹಚ್ಚುವುದು ಅವನ್ನೇ ಸುಟ್ಟ ಬೂದಿ. ಆಟಿ ತಿಂಗಳ ಮಳೆಯಲ್ಲಿ ಪೂಜೆಯ ಬಟ್ಟೆಗೆ ಬೂಸ್ಟು ಹಿಡಿಯದಂತೆ ನೋಡುವ ಕಷ್ಟ ಅಪ್ಪನಿಗೇ ಗೊತ್ತು, ನಾನು ಅಷ್ಟರಲ್ಲಿ ತಪ್ಪಿಸಿಕೊಂಡಿದ್ದೆ.

ಇದನ್ನೆಲ್ಲ ಅಪ್ಪನಿಗೆ ಯಾರೂ ಬರೆದು ಕೊಟ್ಟಿರಲಿಲ್ಲ. ವಾರದ ರಜೆ ಅಂತೂ ಕೇಳಲೇಬೇಡಿ, ಎಲ್ಲರ ರಜೆಯ ದಿನವೇ ಅವರಿಗೆ ಕೆಲಸ ಜಾಸ್ತಿ. ಸಂಬಳ ಎಷ್ಟು ಅಂತ ಬರೆಯಲು ನನಗೇ ನಾಚಿಕೆ. ಬೇಳದ ಶೋಕಮಾತೆ ಚರ್ಚು 1890ರದ್ದು ಅಂತ ದೂರದಿಂದ ಬಂದು ಫೋಟೊ ತೆಗೆಯುತ್ತಾರೆ, ಒಳ್ಳೆಯದೇ. ಅಂಥ ಹಳೆಯ ಬಾಗಿಲುಗಳನ್ನು ದಿನಾ ನಸುಕಿಗೇ ತೆರೆಯುವ ಒಬ್ಬರು ಇರುತ್ತಾರಲ್ಲ, ಅವರಿಗೊಂದು ನೇಮಕದ ಪತ್ರ, ಮಕ್ಕಳ ಮುಂದೆ ಹೇಳಿಕೊಳ್ಳುವಂಥ ಸಂಬಳ, ತಿಂಗಳಿಗೆ ನಾಲ್ಕು ದಿನ ಬದಲಿ ಆಳು, ಇಷ್ಟು ಮಾಡಲು ಆಗದಷ್ಟು ನಮ್ಮ ಚರ್ಚುಗಳು ಬಡವಾಗಿಲ್ಲ. ಹಬ್ಬದ ಪಟಾಕಿ, ಪೆಂಡಾಲಿಗೆ ದುಡ್ಡು ಸಿಗುತ್ತದಲ್ವಾ?

ಅಪ್ಪ ಬಿಟ್ಟ ಮೇಲೆ ನಮ್ಮಲ್ಲಿ ಹೊಸಬರನ್ನು ಇಟ್ಟಿಲ್ಲ. ಗಂಟೆಗೆ ಟೈಮರ್ ಕೂರಿಸಿದ್ದಾರೆ. ಎಣಿಕೆ ತಪ್ಪುವುದಿಲ್ಲ, ಆದರೆ ಯಾರಾದರೂ ತೀರಿಕೊಂಡರೆ ಸುದ್ದಿ ವಾಟ್ಸಾಪಿನಲ್ಲೇ ಬರಬೇಕು, ಭಟ್ರು ಆ ಗ್ರೂಪಿನಲ್ಲಿಲ್ಲ.

ಮುಂದಿನ ಸಲ ನಿಮ್ಮ ವರದಿಗಾರರು ಹಬ್ಬಕ್ಕೆ ಹೋದಾಗ ಸ್ಯಾಕ್ರಿಸ್ಟನ್ನರ ಹೆಸರೂ ಕೇಳಿಕೊಳ್ಳಲಿ. ಪೂಜೆ ಮುಗಿದು ಎಲ್ಲರೂ ಊಟಕ್ಕೆ ಹೋದ ಮೇಲೂ ಅವರು ಒಳಗೇ ಸಿಗುತ್ತಾರೆ, ನೆಲಕ್ಕೆ ಬಿದ್ದ ಮೇಣ ಕೆರೆಯುತ್ತಾ ಇರುತ್ತಾರೆ.

– ಒಬ್ಬ ಓದುಗ, ಕುಂಬಳೆ