ಗಿರಿಜಕ್ಕನ ಬೆರಳು ಮತ್ತು ನಿನ್ನ ಗೆರೆ

ಪ್ರಿಯ ರಾಘು,

ಖಾಸಗಿತನ, ದತ್ತಾಂಶದ ಹಕ್ಕು ಎಂಬುದೆಲ್ಲ ಹೊಟ್ಟೆ ತುಂಬಿದವರ ಚಿಂತೆ ಎಂದು ಹೋದ ಸಲ ನೀನು ಬರೆದಿದ್ದೆ. ಆ ಮಾತು ನಮ್ಮಿಬ್ಬರಲ್ಲೇ ಮುಗಿಯುವಂಥದ್ದಲ್ಲವಾದ್ದರಿಂದ ಉತ್ತರವನ್ನು ನಾಲ್ಕು ಜನ ಓದುವಲ್ಲಿಯೇ ಬರೆಯುತ್ತಿದ್ದೇನೆ. ಬೆಲ್ಲದ ಡಬ್ಬಿಯ ವಿಚಾರ ಎತ್ತುವುದಿಲ್ಲ, ಹೆದರಬೇಡ.

ಆ ಚಿಂತೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿದಾಗ ಅವರಿಗೆ ಎಂಬತ್ತು ದಾಟಿತ್ತು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿದರು. ಮರುವರ್ಷ ಸೆಪ್ಟೆಂಬರ್ 26ರಂದು ಐವರ ಪೀಠ ಬಹುಮತದಿಂದ ಆಧಾರ್ ಕಾಯ್ದೆಯನ್ನು ಬಹುಪಾಲು ಎತ್ತಿಹಿಡಿದು, ಪಡಿತರದಂಥ ಸೌಲಭ್ಯಗಳಿಗೆ ಅದನ್ನು ಉಳಿಸಿತು. ಬೆರಳಚ್ಚಿನಂಥ ಗುರುತು ತಾಳೆಯಾಗಲಿಲ್ಲವೆಂಬ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಬಾರದೆಂದೂ ಹೇಳಿತು. ಈ ಕೊನೆಯ ಮಾತು ನ್ಯಾಯಬೆಲೆ ಅಂಗಡಿಯ ಬಾಗಿಲಲ್ಲಿ ಏನಾಗುತ್ತದೆಂಬುದನ್ನು ಈಚೆಗೆ ಕಣ್ಣಾರೆ ಕಂಡೆ.

ಅಮ್ಮ ಮದುವೆಯಾಗಿ ಬಂದಾಗಿನಿಂದ ಕೂಲಿಗೆ ಅಡಿಕೆ ಸುಲಿದವಳು. ಅವಳ ಬೆರಳುಗಳ ತುದಿ ಮೆಟ್ಟುಕತ್ತಿಗೂ ಸಿಪ್ಪೆಗೂ ತೇದು ನುಣುಪಾಗಿವೆ. ಗೆರೆಗಳಿರಬೇಕಾದಲ್ಲಿ ಅಡಿಕೆಯ ಚೊಗರಿನ ಕಪ್ಪು ಹಿಡಿದಿದೆ. ಪಡಿತರಕ್ಕೆ ಹೋಗುವ ಹಿಂದಿನ ರಾತ್ರಿಯೇ ಹುಣಸೆಹಣ್ಣಿನಲ್ಲಿ ಕೈ ತಿಕ್ಕಿಕೊಂಡಿದ್ದಳು. ಅಂಗಡಿಯವನು ಬೆರಳಚ್ಚು ಯಂತ್ರದ ಗಾಜನ್ನು ಅಂಗಿಯ ತುದಿಯಿಂದ ಒರೆಸಿ, "ಇನ್ನೊಂದು ಬೆರಳು ಇಡಿ ಗಿರಿಜಕ್ಕ, ಸ್ವಲ್ಪ ಒತ್ತಿ" ಎನ್ನುತ್ತ ಹತ್ತೂ ಬೆರಳನ್ನು ಮುಗಿಸಿದ. ಓಟಿಪಿ ಪಡೆಯೋಣವೆಂದರೆ ಆಧಾರಿಗೆ ಜೋಡಿಸಿದ ನಂಬರಿನ ಸಿಮ್ ತಮ್ಮನ ಜೊತೆ ಬೆಂಗಳೂರಿನಲ್ಲಿದೆ, ಅವನು ಫೋನ್ ಎತ್ತಲಿಲ್ಲ. "ನನಗೆ ನೀವು ಗೊತ್ತು, ಮಿಷನ್ನಿಗೆ ಗೊತ್ತಾಗಬೇಕಲ್ಲ" ಎಂದ ಅಂಗಡಿಯವನು ಚಡ್ಡಿ ಹಾಕಿಕೊಂಡು ಓಡಾಡುವ ವಯಸ್ಸಿನಿಂದ ಅಮ್ಮನನ್ನು ಬಲ್ಲವನು. ಅವನಿಗೂ ಸಂಕಟವೇ ಆಗಿತ್ತು. ಮರುದಿನ ತಮ್ಮ ಓಟಿಪಿ ಓದಿ ಹೇಳಿದ ಮೇಲೆ ಅಕ್ಕಿ ಸಿಕ್ಕಿತೆನ್ನು. ಅಂಥ ತಮ್ಮ ಇಲ್ಲದವರು ಏನು ಮಾಡಬೇಕು?

ಬೆರಳಚ್ಚು ಹೋಲಿಸುವ ಈ ವಿದ್ಯೆ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಬೆರಳಿನ ಗೆರೆಗಳು ಎಲ್ಲೆಲ್ಲಿ ಕೊನೆಯಾಗುತ್ತವೆ, ಎಲ್ಲೆಲ್ಲಿ ಕವಲೊಡೆಯುತ್ತವೆ ಎಂಬುದನ್ನು ಹಳೆಯ ದಾಖಲೆಯೊಂದಿಗೆ ಹೋಲಿಸಿ ಯಂತ್ರ ಒಂದು ಅಂಕ ಕೊಡುತ್ತದೆ. ಅಂಕ ನಿಗದಿಯಾದ ಮಿತಿಯನ್ನು ದಾಟಿದರೆ ಹೌದು, ಇಲ್ಲವಾದರೆ ಅಲ್ಲ. ಮಿತಿಯನ್ನು ಇಳಿಸಿದರೆ ಬೇರೆಯವರು ಒಳಗೆ ಬಂದಾರು, ಏರಿಸಿದರೆ ನಿಜವಾದವರು ಹೊರಗುಳಿದಾರು. ಎಂದರೆ, ಇಷ್ಟು ಮಂದಿ ನಿಜವಾದವರು ಬರಿಗೈಯಲ್ಲಿ ಹಿಂದಿರುಗಿದರೂ ಅಡ್ಡಿಯಿಲ್ಲವೆಂದು ಯಾರೋ ತೀರ್ಮಾನಿಸಿರಲೇಬೇಕು. ಸುಳ್ಳು ಕಾರ್ಡುಗಳಿಂದ ಬಡವರ ಅಕ್ಕಿ ಸೋರುವುದನ್ನು ತಡೆಯಬೇಕೆಂಬುದರಲ್ಲಿ ನನ್ನ ತಕರಾರಿಲ್ಲ. ಆದರೆ ಹಿಂದೆ ಗುಮಾಸ್ತ ಆಗುವುದಿಲ್ಲವೆಂದರೆ ಅವನೊಡನೆ ಜಗಳವಾಡಬಹುದಿತ್ತು, ಅಂಗಲಾಚಬಹುದಿತ್ತು, ತಹಶೀಲ್ದಾರರ ಬಳಿ ದೂರಬಹುದಿತ್ತು. ಈಗ ಅಂಗಡಿಯವನು ಯಂತ್ರವನ್ನು ತೋರಿಸುತ್ತಾನೆ, ಯಂತ್ರ ಸರ್ವರನ್ನು ತೋರಿಸುತ್ತದೆ, ಕಚೇರಿಯವರು ಬೆರಳಚ್ಚು ಅಪ್‌ಡೇಟ್ ಮಾಡಿಸಿ ಎನ್ನುತ್ತಾರೆ. ಗೆರೆಯೇ ಇಲ್ಲದ ಬೆರಳನ್ನು ಅಪ್‌ಡೇಟ್ ಮಾಡಿಸುವುದು ಹೇಗೆ?

ಇದನ್ನು ಬರೆಯಬಾರದೆಂದುಕೊಂಡಿದ್ದೆ. ಹಿಂದಿರುಗುವ ದಾರಿಯಲ್ಲಿ ಅಮ್ಮ, "ಕೈ ಸರಿಯಾಗಿ ತೊಳೆದಿರಲಿಲ್ಲವೇನೋ" ಎಂದಳು. ಆಗ ನನಗೆ ಸಿಟ್ಟು ಬಂದದ್ದು ಅಂಗಡಿಯವನ ಮೇಲಲ್ಲ, ನಿನ್ನ ಮೇಲೆ. ಮನುಷ್ಯರ ಗುರುತು ಹಿಡಿಯುವ ತಂತ್ರಾಂಶ ಬರೆದೇ ನೀನು ಮನೆ ಕಟ್ಟಿಸಿದೆ, ನಿನ್ನ ಗೃಹಪ್ರವೇಶದಲ್ಲಿ ಅಮ್ಮ ಮೂರು ಪಂಕ್ತಿಗೆ ಬಡಿಸಿದಳು ಎಂಬುದು ನೆನಪಾಗಿ ಗಂಟಲು ಕಟ್ಟಿತು. ಅದರ ಬೆನ್ನಿಗೇ ಭಯವೂ ಹುಟ್ಟಿತು. ನನ್ನವೂ ಅಡಿಕೆ ಸುಲಿಯುವ ಕೈಗಳೇ ರಾಘು, ಎಡಗೈ ಹೆಬ್ಬೆರಳಿನ ಗೆರೆಗಳು ಈಗಾಗಲೇ ಮಾಸಿವೆ. ನಾನು ನಾನೇ ಎಂದು ಹೇಳುವುದಕ್ಕೆ ಮುಂದೆ ನನ್ನ ಮಾತು ಸಾಲದೇ ಹೋದರೆ ಏನು ಗತಿ ಎಂದು ರಾತ್ರಿ ಎಚ್ಚರವಾದಾಗಲೆಲ್ಲ ಯೋಚಿಸುತ್ತೇನೆ.

ಇರಲಿ, ಮಾತು ಭಾರವಾಯಿತು. ದೀಪಾವಳಿಗೆ ಬಾ, ಕೊಟ್ಟೆಕಡುಬು ಮಾಡಿಸುತ್ತೇನೆ. ಭಟ್ಟರ ಬಾವಿಯ ಪ್ರಸಂಗವನ್ನು ನಿನ್ನ ಹೆಂಡತಿಯ ಮುಂದೆ ಹೇಳುವುದಿಲ್ಲ. ಬರುವ ಮೊದಲು, ಆ ಮಿತಿಯನ್ನು ನಿಮ್ಮಲ್ಲಿ ಯಾರು, ಯಾರನ್ನು ಕೇಳಿ ಗೊತ್ತುಮಾಡುತ್ತಾರೆ ಎಂಬುದನ್ನು ವಿಚಾರಿಸಿಕೊಂಡು ಬಾ. ಅಮ್ಮನಿಗೆ ಅದನ್ನು ನೀನೇ ವಿವರಿಸಬೇಕು. ನನಗಿಂತ ನಿನ್ನ ಮಾತನ್ನೇ ಅವಳು ಮೊದಲಿನಿಂದಲೂ ನಂಬುವುದು.

ನಿನ್ನ,
ಮಂಜು