ಕ್ಷುದ್ರಗ್ರಹಕ್ಕೆ ಮಗುವಿನ ಹೆಸರು: ದುಡ್ಡು ಕಟ್ಟಬೇಡಿ

ಎಲ್ಲರಿಗೂ ನಮಸ್ಕಾರ. "ದುಡ್ಡು ಕಟ್ಟಿದರೆ ನಿಮ್ಮ ಮಗುವಿನ ಹೆಸರನ್ನು ಕ್ಷುದ್ರಗ್ರಹಕ್ಕೆ ಇಡುತ್ತೇವೆ" ಅನ್ನೋ ಮೆಸೇಜು ನಮ್ಮ ಕೋಲಾರದ ಗುಂಪುಗಳಲ್ಲಿ ಓಡಾಡುತ್ತಿದೆ. ಯಾರೂ ಕಟ್ಟಬೇಡಿ. ಆ ಹೆಸರು ಮಾರಾಟಕ್ಕಿಲ್ಲ.

ಹೆಸರು ಸೂಚಿಸುವ ಮೊದಲ ಹಕ್ಕು ಕಂಡುಹಿಡಿದವರದು. ಒಪ್ಪುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿ. ಇಂಗ್ಲಿಷಿನಲ್ಲಿ ಬರೆದರೆ 16 ಅಕ್ಷರ ಮೀರಬಾರದು. ರಾಜಕಾರಣಿಗಳಾದರೆ ತೀರಿಕೊಂಡು 100 ವರ್ಷ ಆಗಿರಬೇಕು. ಒಳ್ಳೇ ನಿಯಮ, ಅಲ್ವಾ!

ಒಂದು ಉದಾಹರಣೆ ಇಲ್ಲೇ ಗಡಿಯಾಚೆ ಇದೆ. ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ 1988ರ ಫೆಬ್ರವರಿ 17ರಂದು ಆರ್. ರಾಜಮೋಹನ್ ಒಂದು ಕ್ಷುದ್ರಗ್ರಹ ಕಂಡುಹಿಡಿದರು. ಮೊದಲು ಅದಕ್ಕೆ ಸಿಕ್ಕಿದ್ದು '1988 ಡಿಕ್ಯೂ1' ಅನ್ನೋ ಗುರುತು ಅಷ್ಟೆ. ಇದರಲ್ಲಿ ಮೊದಲ ಅಕ್ಷರ ಯಾವ ಅರ್ಧ ತಿಂಗಳಲ್ಲಿ ಕಂಡಿದ್ದು ಅಂತ ಹೇಳುತ್ತದೆ: ಎ, ಬಿ ಜನವರಿಯ ಎರಡು ಅರ್ಧ. ಸಿ, ಡಿ ಫೆಬ್ರವರಿಯದು. 'ಕ್ಯೂ1' ಅಂದರೆ ಆ ಅರ್ಧ ತಿಂಗಳಲ್ಲಿ 41ನೆಯದು. 1 ಅನ್ನೋ ಅಂಕಿಯ ಜೊತೆ ಗೊಂದಲ ಆಗಬಾರದೆಂದು 'ಐ' ಅಕ್ಷರ ಬಿಟ್ಟು ಎಣಿಸುತ್ತಾರೆ. ಹಾಗಾಗಿ ಒಂದು ಸುತ್ತಿಗೆ 25 ಅಕ್ಷರ, 'ಕ್ಯೂ' 16ನೆಯದು; ಪಕ್ಕದ '1' ಅಂದರೆ ಒಂದು ಸುತ್ತು ಮುಗಿದಿದೆ, 25+16=41. ಕಕ್ಷೆ ಖಚಿತವಾದ ಮೇಲೆ 4130 ಅನ್ನೋ ನಂಬರು ಬಂತು. ಗಣಿತಜ್ಞ ರಾಮಾನುಜನ್ ಹೆಸರು ಬಂದಿದ್ದು ಅದಾದ ಮೇಲೆ.

2309ನೇ ನಂಬರಿನ ಕ್ಷುದ್ರಗ್ರಹಕ್ಕೆ ಇರುವುದು ಮಾತ್ರ ಕಂಡುಹಿಡಿದವರ ಬೆಕ್ಕಿನ ಹೆಸರು, ಮಿಸ್ಟರ್ ಸ್ಪಾಕ್! ಈಗ ಸಾಕುಪ್ರಾಣಿಗಳ ಹೆಸರು ಬೇಡ ಅನ್ನುತ್ತಾರೆ.

ಆ ಮೆಸೇಜು ಬಂದರೆ ಲಿಂಕ್ ಒತ್ತಬೇಡಿ, ಸುಮ್ನೆ ಡಿಲೀಟ್ ಮಾಡಿ.