ಭಾಷಣ ಬೇಡ, ಕೇಳಿಸಿಕೊಳ್ಳುವವರನ್ನು ತಯಾರು ಮಾಡು

ಪ್ರಿಯ ಗೆಳೆಯ,

ಮುಂಬೈಯ ಭಾಂಡುಪಿನ ನಿಮ್ಮ ಸಂಜೆ ತರಗತಿಯ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ಪ್ರೀತಿಯ ಹೆಸರಿನಲ್ಲಿ ನಡೆಯುವ ಹಿಂಸೆಯ ಬಗ್ಗೆ ಒಂದು ಭಾಷಣ ಇಡಿಸಬೇಕು, ಯಾರನ್ನು ಕರೆಸಲಿ ಎಂದು ಕೇಳಿದ್ದೀಯ. ಯಾರನ್ನೂ ಬೇಡ. ಆ ಭಾನುವಾರವನ್ನು ನಿಮ್ಮ ಶಿಕ್ಷಕರಿಗೆ, ಸಂಘದ ಹೆಂಗಸರಿಗೆ, ಕ್ರಿಕೆಟ್ ಕಲಿಸುವ ಹುಡುಗರಿಗೆ ಕೊಡು. ಒಂದಲ್ಲ ಒಂದು ದಿನ ಮಕ್ಕಳು ಬಾಯಿ ಬಿಡುವುದು ಇವರಲ್ಲಿ ಒಬ್ಬರ ಮುಂದೆ. ಆ ಮೊದಲ ಮಾತುಕತೆ ಕೆಟ್ಟರೆ ಇನ್ನೊಬ್ಬರ ಹತ್ತಿರ ಹೋಗುವ ಧೈರ್ಯ ಆ ಮಗುವಿಗೆ ಬರುವುದು ಕಷ್ಟ.

ಈ ಹಿಂಸೆಗೆ ಬಲ ಎಲ್ಲಿಂದ ಬರುತ್ತದೆ ಎನ್ನುವುದನ್ನು ಅವರಿಗೆ ಮೊದಲು ಬಿಡಿಸಿ ಹೇಳು. ಹುಡುಗ ಕೈ ಎತ್ತುವ ಎಷ್ಟೋ ಮುಂಚೆ ಹುಡುಗಿಯ ಪಾಸ್‌ವರ್ಡ್ ಕೇಳಿರುತ್ತಾನೆ. ಲೊಕೇಶನ್ ಸದಾ ಆನ್ ಇರಬೇಕು, ವಿಡಿಯೊ ಕಾಲ್ ಮಾಡಿ ಪಕ್ಕದಲ್ಲಿ ಯಾರಿದ್ದಾರೆ ತೋರಿಸಬೇಕು ಎಂದಿರುತ್ತಾನೆ. ಗೆಳತಿಯರನ್ನು ಒಬ್ಬೊಬ್ಬರಾಗಿ ದೂರ ಮಾಡಿಸಿರುತ್ತಾನೆ. ಅವಳು ಬಿಡುತ್ತೇನೆ ಅಂದರೆ ಕೈ ಕೊಯ್ದುಕೊಳ್ಳುತ್ತೇನೆ ಅನ್ನುತ್ತಾನೆ. ಅದೂ ನಡೆಯದಿದ್ದರೆ ಕೊನೆಯ ಮಾತು: ‘ನಿಮ್ಮಪ್ಪಗ ಹೇಳ್ತೀನಿ.’ ಈ ಮಾತಿಗೆ ಅವಳು ನಡುಗುವುದು ಅಪ್ಪ ಏನು ಮಾಡುತ್ತಾನೆಂದು ಗೊತ್ತಿರುವುದರಿಂದ. ಶಾಲೆ ಬಿಡಿಸುತ್ತಾರೆ, ಯಾದಗಿರಿಗೋ ಕಲಬುರಗಿಗೋ ಊರಿಗೆ ಕಳಿಸುತ್ತಾರೆ, ಸೋದರಮಾವನ ಮನೆಯಲ್ಲಿ ಮದುವೆ ಮಾತು ಶುರುವಾಗುತ್ತದೆ. ಹೊಡೆತಕ್ಕಿಂತ ಆ ಭಯವೇ ದೊಡ್ಡದು. ಕೇಳಿಸಿಕೊಂಡವರು ಸೀದಾ ಅಪ್ಪನ ಬಳಿ ಓಡಿದರೆ ಆ ಹುಡುಗನ ಬೆದರಿಕೆಯನ್ನು ತಾವೇ ನಡೆಸಿಕೊಟ್ಟಂತಾಗುತ್ತದೆ. (ಹಿಂಸೆಗೆ ಸಿಕ್ಕಿದ ಹುಡುಗರೂ ಇರುತ್ತಾರೆ. ಜನ ನಗುತ್ತಾರೆಂಬ ಹೆದರಿಕೆಗೇ ಅವರು ಬಾಯಿ ಬಿಡುವುದಿಲ್ಲ.)

ಹಾಗಾದರೆ ಏನು ಹೇಳಬೇಕು? ‘ನೀ ಹೇಳಿದ್ದು ಛಲೋ ಆತವಾ. ನಾ ನಂಬ್ತೀನಿ. ನಿಂದೇನೂ ತಪ್ಪಿಲ್ಲ.’ ಇಷ್ಟೇ ಸಾಕು. ‘ಯಾಕೆ ಹೋದೆ’, ‘ಫೋಟೊ ಯಾಕೆ ಕಳಿಸಿದೆ’ ಎಂಬ ಪ್ರಶ್ನೆಗಳು ಬಾಯಿಗೆ ಬಂದರೂ ನುಂಗಿಕೊಳ್ಳಬೇಕು. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾತ್ರ ಮಾಡಬಾರದು. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು. ತಿಳಿಸದಿದ್ದರೆ ಶಿಕ್ಷೆ ಇದೆ. ಆ ವಯಸ್ಸಿನವರ ಒಪ್ಪಿಗೆಯನ್ನು ಈ ಕಾಯ್ದೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದನ್ನು ಮಾತಿನ ಆರಂಭದಲ್ಲೇ ಅವಳಿಗೆ ತಿಳಿಸಿ, ‘ಯಾರಿಗೆ ಹೇಳಬೇಕಾದರೂ ಮೊದಲು ನಿನಗೆ ಹೇಳಿಯೇ ಹೇಳುತ್ತೇನೆ’ ಎನ್ನಬೇಕು. ಮನೆಯಲ್ಲಿ ಯಾರನ್ನು ನಂಬುತ್ತೀ ಎಂದು ಅವಳನ್ನೇ ಕೇಳಬೇಕು. ಅದು ಚಿಕ್ಕಮ್ಮನಿರಬಹುದು, ಅಕ್ಕನಿರಬಹುದು.

ಮೂರು ವಿಷಯ ಅದೇ ದಿನ ತಿಳಿಯಬೇಕು: ಕತ್ತು ಹಿಸುಕಿದ್ದಾನೆಯೇ, ಕೊಲ್ಲುತ್ತೇನೆ ಎಂದಿದ್ದಾನೆಯೇ, ಅವಳಿಗೇ ಸಾಯುವ ಯೋಚನೆ ಬಂದಿದೆಯೇ. ಕತ್ತು ಹಿಸುಕಿದ್ದರೆ ಹೊರಗೆ ಗುರುತಿಲ್ಲದಿದ್ದರೂ ಒಳಗೆ ಪೆಟ್ಟಾಗಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮುಂದೆ ಜೀವಕ್ಕೆ ಅಪಾಯ ಇದೆ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸೂಚನೆ ಕಡಿಮೆ.

ನಮ್ಮ ಹಿರಿಯರಿಗೆ ಇಬ್ಬರನ್ನೂ ಎದುರು ಕೂರಿಸಿ ರಾಜಿ ಮಾಡಿಸುವ ಅಭ್ಯಾಸ. ಇಲ್ಲಿ ಅದು ಖಂಡಿತ ಬೇಡ. ಅವನ ಎದುರು ನಿಜ ಹೇಳಿ, ಅದೇ ಗಲ್ಲಿಯಲ್ಲಿ ಅವನನ್ನು ದಾಟಿಕೊಂಡು ಅವಳು ಮನೆಗೆ ಹೋಗಬೇಕಲ್ಲ! ಫೋನ್ ಕಸಿದುಕೊಳ್ಳುವುದೂ ಬೇಡ: ಸಾಕ್ಷ್ಯ ಇರುವುದು ಅದರಲ್ಲೇ, ನಿಮ್ಮನ್ನು ಕರೆಯುವ ದಾರಿಯೂ ಅದೇ. ‘ಇವತ್ತೇ ಬ್ಲಾಕ್ ಮಾಡು’ ಎನ್ನುವ ಮುಂಚೆ ನಾಳೆ ಅವನು ಶಾಲೆಯ ಗೇಟಿಗೆ ಬಂದರೆ ಜೊತೆಗೆ ಯಾರಿರುತ್ತಾರೆ ಎಂದು ಗೊತ್ತುಮಾಡಿ. ಬಿಟ್ಟು ಬರುವ ಹೊತ್ತೇ ಅಪಾಯದ ಹೊತ್ತು. ಕೊನೆಯ ಬಾರಿ ಭೇಟಿಯಾಗೋಣ ಎಂದು ಕರೆದರೆ ಒಬ್ಬಳೇ ಹೋಗಬಾರದು.

ಹೆಚ್ಚು ಜನ ಎಡವುವುದು ಫೋಟೊ ವಿಷಯದಲ್ಲಿ. ಮಗುವಿನ ಖಾಸಗಿ ಫೋಟೊ ಹಾಕುತ್ತೇನೆ ಎಂದು ಲೈಂಗಿಕ ಉದ್ದೇಶದಿಂದ ಹೆದರಿಸುವುದೇ ಪೋಕ್ಸೊ 11ನೇ ಕಲಮಿನಡಿ ಅಪರಾಧ, ಫೋಟೊ ಹರಿದಾಡುವವರೆಗೆ ಕಾಯಬೇಕಿಲ್ಲ. ಬೆದರಿಕೆಯ ಮೆಸೇಜಿನ ಸ್ಕ್ರೀನ್‌ಶಾಟ್‌ನಲ್ಲಿ ಅವನ ನಂಬರು ಅಥವಾ ಯೂಸರ್‌ನೇಮ್, ತಾರೀಕು, ಸಮಯ ಕಾಣುವಂತಿರಲಿ. ಪೋಸ್ಟ್ ಆಗಿದ್ದರೆ ಲಿಂಕ್ ಬರೆದಿಡಲಿ. ಆ ಫೋಟೊವನ್ನು ಮಾತ್ರ ಪುರಾವೆ ಎಂದು ಯಾವ ಶಿಕ್ಷಕರೂ ತಮ್ಮ ಫೋನಿಗೆ ತರಿಸಿಕೊಳ್ಳಬಾರದು. ಅಂಥ ಚಿತ್ರ ಹಂಚುವುದು ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಇನ್ನೊಬ್ಬರು ನೋಡಿದಂತಾಯಿತು. ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಹುಡುಗಿ ತನ್ನ ಫೋನಿನಲ್ಲೇ ಫೋಟೊ ಆರಿಸಿದರೆ ಅದರ ಗುರುತಿನ ಸಂಖ್ಯೆಯೊಂದೇ ಹೊರಗೆ ಹೋಗುತ್ತದೆ, ಫೋಟೊ ಹೋಗುವುದಿಲ್ಲ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥ ಕಡೆ ಆ ಸಂಖ್ಯೆ ಹಿಡಿದು ತೆಗೆಸುತ್ತಾರೆ. ಎನ್‌ಕ್ರಿಪ್ಟ್ ಆದ ಚಾಟ್‌ಗಳಲ್ಲಿ ಇದು ನಡೆಯದು. ಸೈಬರ್ ಕ್ರೈಮ್‌ನ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಮಕ್ಕಳ ಇಂಥ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು.

ಲೈಂಗಿಕ ದೌರ್ಜನ್ಯ ನಡೆದಿದ್ದರೆ ಹೊತ್ತು ಕಳೆಯಬೇಡಿ. ಎಚ್‌ಐವಿ ತಡೆಯುವ ಔಷಧಿಗೆ 72 ಗಂಟೆಯ ಮಿತಿ. ಗರ್ಭ ತಡೆಯುವ ತುರ್ತು ಮಾತ್ರೆಯೂ 72 ಗಂಟೆಯೊಳಗಾದರೆ ಉತ್ತಮ, ಐದು ದಿನದವರೆಗೂ ಕೊಡಬಹುದು. ಬೇಗ ಹೋದಷ್ಟೂ ಒಳ್ಳೆಯದು. ದೇಹದಿಂದ ಸಾಕ್ಷ್ಯ ತೆಗೆಯಲು 96 ಗಂಟೆ. ಬಟ್ಟೆ ತೊಳೆಯದೆ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಕೆಡುತ್ತದೆ. ಸ್ನಾನ ಆಗಿಹೋಗಿದ್ದರೂ ಹೋಗಿ. ಎಫ್‌ಐಆರ್ ತಂದರೇ ಚಿಕಿತ್ಸೆ ಎನ್ನುವಂತಿಲ್ಲ, ಖಾಸಗಿ ಆಸ್ಪತ್ರೆಯೂ ಉಚಿತವಾಗಿ ನೋಡಬೇಕು. ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ದಲ್ಲಿ ಶುರುವಾದ, ಹಿಂಸೆಗೆ ಸಿಕ್ಕವರಿಗೆ ನೆರವಾಗುವ ‘ದಿಲಾಸಾ’ ಕೇಂದ್ರ ಈಗ ಮಹಾನಗರಪಾಲಿಕೆಯ ಬೇರೆ ಆಸ್ಪತ್ರೆಗಳಲ್ಲೂ ಇದೆ. ಗರ್ಭ ನಿಂತಿದ್ದರೆ ಹೆಸರು ಬಯಲಾಗುವ ಹೆದರಿಕೆಯಿಂದ ಕಳ್ಳವೈದ್ಯರ ಬಳಿ ಹೋಗುವುದು ಬೇಡ. ಹುಡುಗಿ ಮತ್ತು ಪೋಷಕರು ಕೋರಿದರೆ ಗರ್ಭಪಾತ ಮಾಡುವ ವೈದ್ಯರು ಪೊಲೀಸರಿಗೆ ಅವಳ ಹೆಸರು ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಹೇಳಿಕೆ ಕೊಡಲು ಠಾಣೆಗೇ ಹೋಗಬೇಕೆಂದಿಲ್ಲ. ಅವಳು ಹೇಳಿದ ಜಾಗಕ್ಕೆ, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್, ಯೂನಿಫಾರ್ಮ್ ಇಲ್ಲದೆ ಬರಬೇಕು. ಮರಾಠಿಯಲ್ಲಿ ತೊಡಕಾದರೆ ಭಾಷಾಂತರ ಮಾಡುವವರನ್ನು ಕೊಡಬೇಕು. ಸಂಘದಿಂದ ಯಾರನ್ನಾದರೂ ಕಳಿಸುವುದಾದರೆ ಅವಳ ಚಾಳಿನವರು, ಅಂದರೆ ಅದೇ ವಠಾರದವರು, ಬೇಡ. ಸಂಜೆಯೊಳಗೆ ಸುದ್ದಿ ನಲ್ಲಿಯ ಹತ್ತಿರ ಇರುತ್ತದೆ.

ಮಕ್ಕಳಿಗೇನೂ ಬೇಡವೇ ಅಂದೀಯ. ಬೇಕು, ಆದರೆ ಚಿಕ್ಕ ಚಿಕ್ಕದಾಗಿ, ವಾರ ವಾರ. ಮುಂಬೈಯಲ್ಲೇ ‘ಪರಿವರ್ತನ್’ ಎಂಬ ಕಾರ್ಯಕ್ರಮ ಕ್ರಿಕೆಟ್ ಕೋಚ್‌ಗಳ ಮೂಲಕ ಹುಡುಗರ ಜೊತೆ ಈ ಮಾತು ಆಡಿಸಿತ್ತು. ಪ್ರ್ಯಾಕ್ಟೀಸಿಗೆ ಮುಂಚೆ ಹದಿನೈದು ನಿಮಿಷ ಸಾಕು, ಒಂದು ಸಲಕ್ಕೆ ಒಂದೇ ಪ್ರಶ್ನೆ: ಅವಳು ಫೋನ್ ಎತ್ತದಿದ್ದರೆ ನೀನೇನು ಮಾಡುತ್ತೀ? ಗೆಳೆಯನೊಬ್ಬ ಹುಡುಗಿಯ ಫೋಟೊ ತೋರಿಸಿದರೆ? ಕೋಚ್ ಮೈದಾನದಲ್ಲಿ ಬೈಯುವಾಗ ಹೆಂಗಸರ ಹೆಸರೆತ್ತುತ್ತಿದ್ದರೆ ಈ ಹದಿನೈದು ನಿಮಿಷ ವ್ಯರ್ಥ, ಅದನ್ನು ಮೊದಲು ನಿಲ್ಲಿಸು.

ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ಮನಸ್ಸಿನ ನೋವಿಗೆ ಟೆಲಿ-ಮಾನಸ್ 14416; ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಈ ನಂಬರುಗಳನ್ನು ನೋಟಿಸ್ ಬೋರ್ಡಿಗಿಂತ ಶೌಚಾಲಯದ ಬಾಗಿಲ ಒಳಮೈಗೆ ಅಂಟಿಸು, ಹುಡುಗರದಕ್ಕೂ. ತರಬೇತಿಗೆ ಹದಿನೈದು ಜನಕ್ಕಿಂತ ಹೆಚ್ಚು ಬೇಡ, ಅರ್ಧದಷ್ಟಾದರೂ ಹೆಂಗಸರಿರಲಿ. ಯಾವ ಭಾನುವಾರ ಎಂದು ಬರೆ.

ಇಂತಿ,
ನಿನ್ನ ಗೆಳತಿ